ನಿನ್ನೆ ಬಂದ ಬ್ಯಾಲೆನ್ಸ್ ಇಂದು ಎಲ್ಲಿ ಹೋಯಿತು

ಮಗಳೇ, ನೀನು ಬೆಳಿಗ್ಗೆ ಗುಂಪಿನಲ್ಲಿ ಹಾಕಿದ್ದನ್ನು ಓದಿದೆ. ಏಳು ವರ್ಷದ ಮಗ ಕೆಲವೇ ಸಂಜೆಗಳಲ್ಲಿ ಸೈಕಲ್ ಕಲಿತುಬಿಟ್ಟ, ಅವನ ಜೊತೆಗೇ ಶುರು ಮಾಡಿದ ನಿನಗೆ ಮಾತ್ರ ಸಂಜೆ ಬಂದ ಬ್ಯಾಲೆನ್ಸ್ ಮರುದಿನ ಬೆಳಿಗ್ಗೆ ಇರುವುದಿಲ್ಲ, ನಲವತ್ತರಲ್ಲಿ ಇದು ಆಗುವ ಮಾತಲ್ಲವೇನೋ ಎಂದಿದ್ದೀಯೆ. ಅದಕ್ಕೆ ನಿನ್ನ ಸೋದರಮಾವ, ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂದು ಗಾದೆ ಹಾಕಿದ್ದಾನೆ. ಶಾಲೆಯಲ್ಲಿ ದೈಹಿಕ ಶಿಕ್ಷಣ ಕಲಿಸುತ್ತಲೇ ನಿವೃತ್ತಳಾದ ನನಗೆ ಆ ಮಾತನ್ನು ಹಾಗೇ ಬಿಡಲು ಮನಸ್ಸಾಗಲಿಲ್ಲ. ಸ್ವಲ್ಪ ಉದ್ದವಾದರೂ ಕೇಳು.

ಅಭ್ಯಾಸ ಮಾಡುವಾಗ ಎಷ್ಟು ಚೆನ್ನಾಗಿ ಬರುತ್ತದೆ ಎಂಬುದು ಒಂದು, ಬಿಡುವು ಕೊಟ್ಟು ಮತ್ತೆ ಹಿಡಿದಾಗ ಎಷ್ಟು ಉಳಿದಿರುತ್ತದೆ ಎಂಬುದು ಇನ್ನೊಂದು. ಕಲಿಕೆ ಎನ್ನಬೇಕಾದದ್ದು ಎರಡನೆಯದನ್ನು. 1979ರಲ್ಲಿ ಅಮೆರಿಕದ ಷೀ ಮತ್ತು ಮಾರ್ಗನ್ ಎಂಬ ಸಂಶೋಧಕರು ಮೂರು ಬಗೆಯ ಕೈಚಲನೆಗಳನ್ನು ಎರಡು ಗುಂಪುಗಳಿಗೆ ಕಲಿಸಿದರು. ಒಂದು ಗುಂಪು ಒಂದು ಚಲನೆಯನ್ನು ಪೂರ್ತಿ ಮುಗಿಸಿಯೇ ಮುಂದಿನದಕ್ಕೆ ಹೋಯಿತು, ಇನ್ನೊಂದು ಗುಂಪು ಮೂರನ್ನೂ ಕಲಸಿ ಮಾಡಿತು. ಕಲಿಯುವ ಹೊತ್ತಿನಲ್ಲಿ ಮೊದಲ ಗುಂಪಿನದೇ ಮೇಲುಗೈ. ಹತ್ತು ದಿನ ಬಿಟ್ಟು ನೋಡಿದಾಗ ಎರಡನೆಯ ಗುಂಪು ಮುಂದಿತ್ತು. ನೀನು ಸಂಜೆಯೆಲ್ಲ ಒಂದೇ ಇಳಿಜಾರಿನಲ್ಲಿ, ಒಂದೇ ದಿಕ್ಕಿನಲ್ಲಿ ಸುತ್ತು ಹೊಡೆಯುತ್ತಿದ್ದರೆ ಕೊನೆಯ ಸುತ್ತು ಚೆನ್ನಾಗಿ ಬರುವುದು ಸಹಜ, ಏಕೆಂದರೆ ಅದರ ಹಿಂದಿನ ಸುತ್ತು ಇನ್ನೂ ಮೈಯಲ್ಲಿ ಬಿಸಿಯಾಗಿರುತ್ತದೆ. ಬೆಳಿಗ್ಗೆ ಮೈ ಎಲ್ಲವನ್ನೂ ಮೊದಲಿನಿಂದ ಹುಡುಕಿ ತೆಗೆಯಬೇಕು, ಮತ್ತು ಆ ತಡಕಾಟದಲ್ಲಿಯೇ ಕಲಿಕೆ ಗಟ್ಟಿಯಾಗುತ್ತದೆ. ಅದನ್ನು ನೀನು ಸೋಲು ಎಂದು ಲೆಕ್ಕ ಹಾಕುತ್ತಿದ್ದೀಯೆ. ನಾಲ್ಕು ಬಾರಿ ಹೊರಡುವುದು, ಎರಡು ತಿರುವು, ಒಮ್ಮೆ ಬ್ರೇಕ್ ಹಿಡಿದು ಇಳಿಯುವುದು, ಹೀಗೆ ಬದಲಿಸುತ್ತಾ ಮಾಡು.

ಒಂದೇ ಸಲಕ್ಕೆ ಎರಡು ಗಂಟೆ ಎಳೆಯುವುದೂ ಬೇಡ. ಬ್ರಿಟನ್ನಿನ ಅಂಚೆ ಇಲಾಖೆಯ ನೌಕರರಿಗೆ ಟೈಪಿಂಗ್ ಕಲಿಸಿದ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಅವರ 1978ರ ಅಧ್ಯಯನದಲ್ಲಿ, ದಿನಕ್ಕೆ ಒಂದೇ ಗಂಟೆ ಕುಳಿತವರು ದಿನಕ್ಕೆ ಎರಡೆರಡು ಗಂಟೆಯಂತೆ ಎರಡು ಬಾರಿ ಕುಳಿತವರಿಗಿಂತ ಒಟ್ಟಾರೆ ಕಡಿಮೆ ಗಂಟೆಗಳಲ್ಲಿ ಕಲಿತರು. ಆದರೂ ತಮ್ಮ ತರಬೇತಿಯ ಬಗ್ಗೆ ಕಡಿಮೆ ತೃಪ್ತಿ ಇದ್ದದ್ದು ಅವರಿಗೇ. ಹಾಗಾಗಿ, ಬರುತ್ತಿಲ್ಲ ಎಂಬ ನಿನ್ನ ಅನಿಸಿಕೆಯನ್ನೇ ನಂಬಿ ಕೂರಬೇಡ.

ಮೈ ಕಲಿತದ್ದು ನೆನಪಿನ ಬೇರೆ ಕೋಣೆಯಲ್ಲಿ ಉಳಿಯುತ್ತದೆ. ಮೂರ್ಛೆರೋಗಕ್ಕಾಗಿ 1953ರಲ್ಲಿ ಮೆದುಳಿನ ಶಸ್ತ್ರಚಿಕಿತ್ಸೆಯಾದ ಹೆನ್ರಿ ಮೊಲೈಸನ್‌ಗೆ ಆಮೇಲೆ ಹೊಸ ಘಟನೆಗಳು ನೆನಪಿನಲ್ಲಿ ನಿಲ್ಲುತ್ತಿರಲಿಲ್ಲ. ಕನ್ನಡಿಯಲ್ಲಿ ಮಾತ್ರ ನೋಡುತ್ತಾ ನಕ್ಷತ್ರದ ಗೆರೆ ಎಳೆಯುವ ಕೆಲಸವನ್ನು ಮನೋವಿಜ್ಞಾನಿ ಬ್ರೆಂಡಾ ಮಿಲ್ನರ್ ಈ ರೋಗಿಗೆ ಮೂರು ದಿನ ಕೊಟ್ಟರು. ಹಿಂದೆಂದೋ ಮಾಡಿದ್ದೇನೆ ಎಂಬ ನೆನಪೇ ಇಲ್ಲದೆ ಅವರ ಕೈ ದಿನದಿಂದ ದಿನಕ್ಕೆ ಪಳಗುತ್ತಾ ಹೋಯಿತು.

ಮಕ್ಕಳಿಗೆ ಬೇಗ ಬರುತ್ತದೆ ಎಂಬುದರಲ್ಲಿ ಅರ್ಧ ನಿಜವಿದೆ. ನಿನ್ನ ಮಗ ನೆಲಕ್ಕೆ ಹತ್ತಿರ ಇದ್ದಾನೆ, ಬಿದ್ದರೆ ಪೆಟ್ಟು ಕಡಿಮೆ, ನಾಚಿಕೆ ಇನ್ನೂ ಕಡಿಮೆ, ಶಾಲೆ ಬಿಟ್ಟರೆ ಪೂರ್ತಿ ಸಂಜೆ ಅವನದು. ನಿನಗೆ ಅಡುಗೆ ಮತ್ತು ಆಫೀಸಿನ ನಡುವೆ ಅರ್ಧ ಗಂಟೆ. ಇದು ವಯಸ್ಸಿನ ದೋಷವಲ್ಲ. ಹೇಳಿಕೊಡುವ ಬಗೆಯಲ್ಲಿ ಮಾತ್ರ ವ್ಯತ್ಯಾಸವಿದೆ: ಸಲ್ಲಿವನ್ ಮತ್ತು ಸಂಗಡಿಗರು 2008ರಲ್ಲಿ ತೋರಿಸಿದಂತೆ, ಪ್ರತಿ ಯತ್ನದ ನಂತರವೂ ಫಲಿತಾಂಶ ಹೇಳದೆ ಆಗಾಗ ಮಾತ್ರ ಹೇಳಿದಾಗ ದೊಡ್ಡವರಿಗೆ ಚಲನೆ ಹೆಚ್ಚು ಸ್ಥಿರವಾಗಿ ನಿಂತಿತು, ಮಕ್ಕಳಿಗೋ ಅದರಿಂದ ತಪ್ಪುಗಳು ಹೆಚ್ಚಿದವು. ಮಗನಿಗೆ ಹೇಳುತ್ತಿರಿ. ನಿನ್ನ ಹಿಂದೆ ಓಡುತ್ತಾ ಕ್ಷಣಕ್ಷಣಕ್ಕೂ ಮುಂದೆ ನೋಡು, ನೆಟ್ಟಗೆ ಹಿಡಿ ಎನ್ನುವ ಅಳಿಯಂದಿರಿಗೆ ಸ್ವಲ್ಪ ಸುಮ್ಮನಿರಲು ನಾನೇ ಹೇಳಿದೆ ಎನ್ನು.

ಪಕ್ಕಕ್ಕೆ ಎರಡು ಸಣ್ಣ ಚಕ್ರ ಹಾಕಿಸಿಕೊಳ್ಳುವ ಯೋಚನೆ ಬೇಡ. ಸೈಕಲ್ ಎಡಕ್ಕೆ ವಾಲಿದಾಗ ಹ್ಯಾಂಡಲ್ಲನ್ನು ಎಡಕ್ಕೇ ತಿರುಗಿಸಬೇಕು, ಆಗ ಚಕ್ರಗಳು ಮೈಭಾರದ ಅಡಿಗೆ ಬಂದು ಸೈಕಲ್ ಮೇಲೇಳುತ್ತದೆ. ಪಕ್ಕದ ಚಕ್ರಗಳು ವಾಲಲು ಬಿಡದಿರುವುದರಿಂದ ಈ ಮುಖ್ಯ ಪಾಠವೇ ತಪ್ಪಿಹೋಗುತ್ತದೆ. ನಮ್ಮ ಕಾಲದ ಹುಡುಗರು ಅಪ್ಪನ ದೊಡ್ಡ ಸೈಕಲ್ಲಿನ ತ್ರಿಕೋನದೊಳಗೆ ಕಾಲು ತೂರಿಸಿ ಒಳಪೆಡಲು ತುಳಿಯುತ್ತಾ ಇದನ್ನು ತಾವಾಗಿಯೇ ಕಂಡುಕೊಂಡರು. ನೀನು ಪೆಡಲುಗಳನ್ನು ಬಿಚ್ಚಿಸಿ, ಎರಡೂ ಪಾದ ಪೂರ್ತಿ ನೆಲಕ್ಕೆ ಊರುವಷ್ಟು ಸೀಟು ಇಳಿಸಿ, ಕಾಲಿನಿಂದ ನೂಕಿಕೊಂಡು ತೇಲಿಸು. ಎಡ ಪೆಡಲಿನ ಥ್ರೆಡ್ ಉಲ್ಟಾ ಇರುತ್ತದೆ, ಸ್ಪ್ಯಾನರನ್ನು ಗಡಿಯಾರದ ಮುಳ್ಳಿನ ದಿಕ್ಕಿಗೆ ತಿರುಗಿಸಿದರೆ ಬಿಚ್ಚುತ್ತದೆ. ಹೆಲ್ಮೆಟ್ ಮರೆಯಬೇಡ.

ಒಮ್ಮೆ ಬಂದರೆ ಉಳಿಯುತ್ತದೆಯೇ ಎಂದೂ ಕೇಳಿದ್ದೀಯೆ. ಸೈಕಲ್, ಈಜು ಇವುಗಳಂಥ ಎಡೆಬಿಡದ ಚಲನೆಗಳು ವರ್ಷಗಟ್ಟಲೆ ಉಳಿಯುತ್ತವೆ. ಹೃದಯ ನಿಂತವರಿಗೆ ಎದೆ ಒತ್ತಿ ಕೊಡುವ ತುರ್ತು ಚಿಕಿತ್ಸೆ, ಅಂದರೆ ಸಿಪಿಆರ್‌ನಂಥ, ಹಂತ ಹಂತವಾಗಿ ಮಾಡುವ ಕೌಶಲ ಕೆಲವೇ ತಿಂಗಳಲ್ಲಿ ಮಾಸುತ್ತದೆ. ಆಫೀಸಿನಲ್ಲಿ ಅದನ್ನು ಕಲಿತವರೆಲ್ಲ ಮತ್ತೆ ಮತ್ತೆ ತಿದ್ದಿಕೊಳ್ಳಬೇಕು.

ಈ ವಾರ ಪ್ರತಿ ಸಂಜೆಯ ಕೊನೆಯ ಸುತ್ತನ್ನು ಅಳೆಯುವುದು ಬಿಟ್ಟು, ಪ್ರತಿ ಬೆಳಿಗ್ಗೆ ಮೊದಲ ಸಲವೇ ಕಾಲೂರದೆ ಎಷ್ಟು ದೂರ ಹೋದೆ ಎಂಬುದನ್ನು ಮಗನಿಂದ ಸೀಮೆಸುಣ್ಣದಲ್ಲಿ ಗುರುತು ಹಾಕಿಸು, ಭಾನುವಾರ ಆ ಗುರುತುಗಳ ಫೋಟೋ ಕಳಿಸು.