ಊರಿನ ಗೋಮಾಳ ಉಳಿಸಿಕೊಂಡವರು ಯಾರಾದರೂ ಇದ್ದೀರಾ?

ಅರಸೀಕೆರೆ ತಾಲ್ಲೂಕಿನಿಂದ ಕೇಳುತ್ತಿದ್ದೇನೆ. ನಮ್ಮೂರಿನ ಪಕ್ಕ 43 ಎಕರೆ ಗೋಮಾಳ ಇದೆ. ಪಹಣಿಯಲ್ಲೂ ಸರ್ಕಾರಿ ಗೋಮಾಳ ಅಂತಲೇ ಇದೆ. ಆದರೆ ಪ್ರತಿ ಮಳೆಗಾಲಕ್ಕೂ ಅಂಚಿನಿಂದ ಒಂದೊಂದು ಸಾಲು ಉಳುಮೆ ಒಳಗೆ ಬರುತ್ತಿದೆ. ಈಗ ಅಲ್ಲಿ ಸೈಟು ಮಾಡುತ್ತಾರೆ ಅನ್ನುವ ಮಾತೂ ಎದ್ದಿದೆ. ಪಂಚಾಯ್ತಿಯವರನ್ನು ಕೇಳಿದರೆ "ಅದು ನಮ್ಮದಲ್ಲ ಕಣಪ್ಪ" ಅಂತಾರೆ. ಇದನ್ನು ಬಯಲಾಗಿಯೇ ಉಳಿಸಿಕೊಳ್ಳಲು ಪಂಚಾಯ್ತಿ, ತಾಲ್ಲೂಕು ಕಚೇರಿಯಿಂದ ಏನೇನು ಸಹಾಯ ಸಿಗುತ್ತದೆ? ಮಾಡಿ ನೋಡಿದವರು ಹೇಳಿ.

ಕಡೂರು ಕಡೆಯಿಂದ:

ಪಂಚಾಯ್ತಿಯವರು ಹೇಳಿದ್ದು ಅರ್ಧ ನಿಜ. ಗೋಮಾಳ ಕಂದಾಯ ಇಲಾಖೆಯದು, ಪಂಚಾಯ್ತಿ ಅದರ ಮಾಲೀಕ ಅಲ್ಲ. ಆದರೆ ಗ್ರಾಮಸಭೆಯಲ್ಲಿ ಠರಾವು ಮಾಡಿ ತಹಸೀಲ್ದಾರರಿಗೆ ಕಳಿಸಲು ಯಾರ ಅಪ್ಪಣೆಯೂ ಬೇಡ. ನಾವು ಮೊದಲು ಇದೇ ತಪ್ಪು ಮಾಡಿದೆವು. ಎರಡು ವರ್ಷ ಸುಮ್ನೆ ಮನವಿ ಪತ್ರ ಹಿಡಿದುಕೊಂಡು ಓಡಾಡಿದೆವು, ಒಂದಕ್ಕೂ ಉತ್ತರ ಬರಲಿಲ್ಲ. ಯಾಕೆಂದರೆ ನಮ್ಮ ಹತ್ತಿರ ನಕ್ಷೆಯೂ ಇರಲಿಲ್ಲ, ಲೆಕ್ಕವೂ ಇರಲಿಲ್ಲ.

ಲೆಕ್ಕ ಅಂದರೆ ದನದ ಲೆಕ್ಕ. ಕರ್ನಾಟಕ ಭೂ ಕಂದಾಯ ನಿಯಮಗಳು 1966ರಲ್ಲಿ 97ನೇ ನಿಯಮ ಅಂತ ಇದೆ. 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಮೇವಿನ ಜಾಗ ಬಿಡಬೇಕು ಅನ್ನುತ್ತದೆ ಅದು. ಊರಿನಲ್ಲಿ ಅದಕ್ಕಿಂತ ಜಾಸ್ತಿ ಗೋಮಾಳ ಇದೆ ಅಂತ ತೋರಿಸಿದರೆ ಮಿಕ್ಕಿದ್ದನ್ನು ಬೇರೆಯದಕ್ಕೆ ಕೊಡುವ ದಾರಿ ಸಲೀಸು. ಕಡಿಮೆ ಇದೆ ಅಂತ ಕಾಗದದಲ್ಲಿ ಬಂದುಬಿಟ್ಟರೆ ಕೊಡುವವರ ಕೈ ನಡುಗುತ್ತದೆ. ಆದ್ದರಿಂದ ಪಶು ಆಸ್ಪತ್ರೆಗೆ ಹೋಗಿ ನಿಮ್ಮೂರಿನ ಜಾನುವಾರು ಗಣತಿಯ ಅಂಕಿ ಬರೆಸಿಕೊಂಡು ಬನ್ನಿ. ಅದನ್ನು ಠರಾವಿನ ಒಳಗೇ ಸೇರಿಸಿ. ನಮ್ಮ ಕಡತ ಮೇಜಿನಿಂದ ಮೇಜಿಗೆ ಹೋಗಲು ಶುರುವಾಗಿದ್ದೇ ಈ ಅಂಕಿ ಸೇರಿದ ಮೇಲೆ.

ಆಮೇಲೆ ಸರ್ವೆ. ತಹಸೀಲ್ದಾರರಿಗೆ ಅರ್ಜಿ ಕೊಟ್ಟು ಹದ್ದುಬಸ್ತು, ಅಂದರೆ ಗಡಿ ಅಳತೆ ಮಾಡಿಸಿ, ಕಲ್ಲು ನೆಡಿಸಿ. ಅದಕ್ಕೂ ಮೊದಲು ಫೋನಿನಲ್ಲಿ ದಿಶಾಂಕ್ ಆ್ಯಪ್ ಹಾಕಿಕೊಂಡು ಒಂದು ಸುತ್ತು ನಡೆದು ಬನ್ನಿ. ನಿಂತ ಜಾಗದ ಸರ್ವೆ ನಂಬರು ತೋರಿಸುತ್ತದೆ. ಅದು ಅಳತೆಗೆ ಸಾಟಿ ಅಲ್ಲ, ಎಲ್ಲಿ ಜಗಳ ಬರುತ್ತದೆ ಅಂತ ಗೊತ್ತಾಗಲು ಸಾಕು.

ಪಂಚಾಯ್ತಿ ದುಡ್ಡು ಬರುವುದು ಇದೆಲ್ಲ ಆದ ಮೇಲೆ. ಕಲ್ಲು ಬಿದ್ದ ಮೇಲೆ ನಮ್ಮ ಪಿಡಿಒ ತಾವೇ ಮುಂದೆ ಬಂದು ನರೇಗಾದಲ್ಲಿ ಸುತ್ತ ಟ್ರೆಂಚ್ ಹೊಡೆಸಿದರು, ಒಳಗೆ ದನ ನೀರು ಕುಡಿಯಲು ಒಂದು ಗೋಕಟ್ಟೆಯೂ ಆಯಿತು. ಗಡಿ ಗೊತ್ತಿಲ್ಲದ ಜಾಗದಲ್ಲಿ ಯಾವ ಅಧಿಕಾರಿ ಗುದ್ದಲಿ ಹಾಕಿಸುತ್ತಾರೆ ಹೇಳಿ?

ಚಿಕ್ಕಮಗಳೂರು ಮಲೆನಾಡಿನಿಂದ:

ಮೇಲಿನವರ ಲೆಕ್ಕಕ್ಕೆ ಒಂದು ಬಾಲಂಗೋಚಿ. ದನ ಮೇಯಲು ಸಾಕಷ್ಟು ಕಾಡು ಇರುವ ಊರುಗಳಲ್ಲಿ ಆ 30 ಎಕರೆಯನ್ನು ಕಡಿಮೆ ಮಾಡಲು ಅದೇ ನಿಯಮದಲ್ಲಿ ಅವಕಾಶ ಇದೆ. ನಮ್ಮ ಕಡೆ ಅದನ್ನೇ ಹಿಡಿದು ವಾದ ಮಾಡಿದರು. ಅರಸೀಕೆರೆ ಬಯಲುಸೀಮೆ, ನಿಮಗೆ ಆ ತೊಂದರೆ ಬರಲಾರದು.

ಬೇಲೂರಿನಿಂದ:

ಗಿಡ ನೆಡುತ್ತೇವೆ ಅಂತ ಯಾರಾದರೂ ಬಂದರೆ ತಕ್ಷಣ ಕುಣಿಯಬೇಡಿ! ನಮ್ಮೂರಿನಲ್ಲಿ ಇಡೀ ಗೋಮಾಳಕ್ಕೆ ಅಕೇಶಿಯ ನೆಟ್ಟರು. ಒತ್ತುವರಿ ನಿಂತಿತು, ಸರಿ. ಹುಲ್ಲೂ ನಿಂತಿತು. ಈಗ ದನ ಹೊಡೆದುಕೊಂಡು ರಸ್ತೆ ಬದಿಗೆ ಹೋಗುತ್ತೇವೆ. ಅಂಚಿಗೆ ಒಂದು ಸಾಲು ಹೊಂಗೆ, ಬೇವು ಸಾಕು, ನಡುವಿನ ಹುಲ್ಲನ್ನು ಹುಲ್ಲಾಗಿಯೇ ಬಿಡಿ. ಬರೀ ಹುಲ್ಲು ಇರುವ ಜಾಗವನ್ನು ನಮ್ಮವರು ಪಾಳು ಅಂದುಬಿಡುತ್ತಾರೆ, ಅದೇ ದೊಡ್ಡ ಕಾಯಿಲೆ. ಕಡೂರು ತಾಲ್ಲೂಕಿನ ಬಾಸೂರು ಅಮೃತಮಹಲ್ ಕಾವಲು ನೋಡಿ, ಹುಲ್ಲುಗಾವಲೇ. ಕೃಷ್ಣಮೃಗ ಇರುವ ಜಾಗ ಅಂತ ಅದನ್ನು ಸಂರಕ್ಷಣಾ ಮೀಸಲು ಮಾಡಿದ್ದಾರೆ. ಇಂಥ ಮೀಸಲನ್ನು ಊರಿನವರನ್ನು ಕೇಳಿಯೇ ಘೋಷಿಸಬೇಕು. ಅದರ ನಿರ್ವಹಣಾ ಸಮಿತಿಯಲ್ಲಿ ಅಲ್ಲಿನ ಪ್ರತಿ ಗ್ರಾಮ ಪಂಚಾಯ್ತಿಯಿಂದ ಒಬ್ಬರು ಇರಬೇಕು ಅಂತ ವನ್ಯಜೀವಿ ಕಾಯ್ದೆಯೇ ಹೇಳುತ್ತದೆ. ನಿಮ್ಮ 43 ಎಕರೆಗೆ ಅಷ್ಟು ದೊಡ್ಡ ಏರ್ಪಾಡು ಬೇಕಿಲ್ಲ. ಆದರೆ ಪಂಚಾಯ್ತಿಗೆ ಇದರಲ್ಲಿ ಕೆಲಸವೇ ಇಲ್ಲ ಅಂದವರಿಗೆ ಹೇಳಲು ಒಂದು ಉದಾಹರಣೆ ಆಯಿತಲ್ವಾ.

ಮತ್ತೆ ಕಡೂರಿನವರು:

ಒಂದು ಮಾತು ಬಿಟ್ಟುಹೋಗಿತ್ತು, ಮುಖ್ಯವಾದದ್ದು. ಉಳುಮೆ ಮಾಡುತ್ತಿರುವವರು ಯಾರು ನೋಡಿ. ನಮ್ಮಲ್ಲಿ ಇಬ್ಬರು ಭೂಮಿ ಇಲ್ಲದವರು, ಬಗರ್‌ಹುಕುಂಗೆ (ಉಳುತ್ತಿರುವ ಸರ್ಕಾರಿ ಜಮೀನನ್ನು ಸಕ್ರಮ ಮಾಡಿಕೊಡಿ ಅಂತ) ಅರ್ಜಿ ಹಾಕಿ ಕಾಯುತ್ತಿದ್ದರು. ಉಳಿದ ನಾಲ್ವರಿಗೆ ತೆಂಗಿನ ತೋಟವೇ ಇತ್ತು. ಎಲ್ಲರನ್ನೂ ಒಂದೇ ಪಟ್ಟಿಗೆ ಹಾಕಿ ದೂರು ಕೊಟ್ಟೆವು, ಊರು ಎರಡು ಭಾಗ ಆಯಿತು. ಊರೊಟ್ಟಿನ ಜಮೀನಿನ ಒತ್ತುವರಿ ತೆರವು ಮಾಡಬೇಕು ಅಂತ ಸುಪ್ರೀಂ ಕೋರ್ಟು 2011ರಲ್ಲಿ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಹೇಳಿತಲ್ಲ, ಅದರಲ್ಲೂ ಭೂಹೀನ ಕೂಲಿಗಳಿಗೆ, ಪರಿಶಿಷ್ಟರಿಗೆ ಸರ್ಕಾರವೇ ಜಾಗ ಕೊಟ್ಟಿದ್ದ ಕಡೆ ವಿನಾಯಿತಿ ಇರಬಹುದು ಅಂದಿದೆ. ನಾವು ಎರಡನೇ ಸಲ ಆ ಇಬ್ಬರನ್ನು ಗ್ರಾಮಸಭೆಗೆ ಕರೆದು ಕೂರಿಸಿಕೊಂಡು ಮಾತಾಡಿದೆವು. ಅವರ ಅರ್ಜಿ ಏನಾಗುತ್ತದೋ ಆಗಲಿ, ಅದಕ್ಕೆ ನಾವು ಅಡ್ಡ ಬರುವುದಿಲ್ಲ, ಇನ್ನು ಒಂದು ಸಾಲೂ ಮುಂದೆ ಬರಬೇಡಿ ಅಂದೆವು. ಒಪ್ಪಿದರು. ತೋಟದವರದು ಇನ್ನೂ ನಡೆಯುತ್ತಿದೆ.

ಕೇಳಿದವರಿಂದ:

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಪಶು ಆಸ್ಪತ್ರೆಗೆ ಹೋಗಿದ್ದೆ. ನಮ್ಮೂರಿನಲ್ಲಿ ದನ, ಎಮ್ಮೆ ಸೇರಿ 164. ಅಂದರೆ 49 ಎಕರೆ ಬೇಕು, ಇರುವುದು 43. ಅಲ್ಲಿಗೆ ಕೊರತೆಯೇ ಆಯಿತು. ಸಂಜೆ ದಿಶಾಂಕ್ ಹಿಡಿದುಕೊಂಡು ಸುತ್ತಿದೆವು. ಹಳೆಯ ಗಡಿ ಕಲ್ಲುಗಳಲ್ಲಿ ಒಂದೂ ಜಾಗದಲ್ಲಿ ಇಲ್ಲ. ಮೂಡಲ ಮೂಲೆಯದು ಎಲ್ಲಿದೆ ಅಂತ ಒಬ್ಬ ಅಜ್ಜಿ ತೋರಿಸಿದರು. ಅವರ ಮನೆ ಹಿತ್ತಲಿನಲ್ಲೇ ಇದೆ, ಬಟ್ಟೆ ಒಗೆಯುವ ಕಲ್ಲಾಗಿ.