ಬೀಚಲ್ಲಿ ಭರತನಾಟ್ಯ ಶೂಟ್: ಒಂದು ಪೋರ್ಟಬಲ್ ಫ್ಲ್ಯಾಶ್ ಸಾಕಾ? ಜಿಗಿಯುವಾಗ ಕೈ ಅಂಚು ಮಸುಕಾಗ್ತಿದೆ

ಬೆಂಗ್ಳೂರ್‌ಕ್ಲಿಕ್:
ಎಲ್ರಿಗೂ ನಮಸ್ಕಾರ. ಫೆಬ್ರವರಿಲಿ ನನ್ನ ತಂಗಿ ರಂಗಪ್ರವೇಶ ಇದೆ. ಇನ್ವಿಟೇಷನ್‌ಗೂ ಹಾಲ್ ಮುಂದೆ ಹಾಕೋ ದೊಡ್ಡ ಬ್ಯಾನರ್‌ಗೂ ಫೋಟೋ ನಾನೇ ತೆಗೀಬೇಕು. ಸ್ಟುಡಿಯೋಲಿ ಕಪ್ಪು ಬಟ್ಟೆ ಮುಂದೆ ನಿಲ್ಸಿ ತೆಗೆಯೋದು ಅವಳಿಗೂ ಇಷ್ಟ ಇಲ್ಲ ನನಗೂ ಇಷ್ಟ ಇಲ್ಲ, ಅದಕ್ಕೇ ಉಡುಪಿ ಹತ್ರದ ಕಾಪು ಬೀಚಲ್ಲಿ ಲೈಟ್‌ಹೌಸ್ ಪಕ್ಕದ ಬಂಡೆ ಹತ್ರ ಸಂಜೆ ಹೊತ್ತು ತೆಗೆಯೋಣ ಅಂತಿದೀವಿ, ಆಗ್ಲಿಲ್ಲ ಅಂದ್ರೆ ಹಂಪಿ.

ನನ್ನ ಹತ್ರ ಇರೋದು ನಿಕಾನ್ ಡಿ750, 24-70 ಮತ್ತೆ 85 ಲೆನ್ಸು, ಗೋಡಾಕ್ಸ್ ಎಡಿ200 ಪೋರ್ಟಬಲ್ ಫ್ಲ್ಯಾಶ್ ಒಂದು, ಕ್ಯಾಮೆರಾ ಮೇಲೆ ಕೂರೋ ಸಣ್ಣ ಫ್ಲ್ಯಾಶ್ ಒಂದು, 60 ಸೆಂ.ಮೀ ಸಾಫ್ಟ್‌ಬಾಕ್ಸು, ಒಂದು ಬಿಳಿ ಛತ್ರಿ (ಎರಡೂ ಫ್ಲ್ಯಾಶ್ ಬೆಳಕನ್ನ ಮೆತ್ತಗೆ ಮಾಡೋಕೆ). ಮನೆ ಟೆರೇಸ್ ಮೇಲೆ ಸಂಜೆ ಟ್ರಯಲ್ ನೋಡ್ದೆ. ಶಟರ್ 1/200 ಸೆಕೆಂಡ್, ಅಪರ್ಚರ್ ಎಫ್5.6, ಐಎಸ್ಒ 200, ಎಡಿ200 ಫುಲ್ ಪವರ್. ಮುಖ ಚೆನ್ನಾಗಿ ಬಂತು ಆದ್ರೆ ಜಿಗಿದಾಗ ಕೈ ಅಂಚಲ್ಲೆಲ್ಲ ನೆರಳಿನ ಥರ ಮಸುಕು, ಅದೂ ಹಿಂದೆ ಆಕಾಶ ಇರೋ ಕಡೆ ಜಾಸ್ತಿ. ಎಚ್ಎಸ್ಎಸ್ (ಹೈ ಸ್ಪೀಡ್ ಸಿಂಕ್, ಶಟರ್ ತುಂಬಾ ವೇಗ ಇದ್ರೂ ಫ್ಲ್ಯಾಶ್ ಕೆಲ್ಸ ಮಾಡೋ ಮೋಡ್) ಹಾಕಿ 1/1000ಕ್ಕೆ ಹೋದ್ರೆ ಮಸುಕು ಹೋಗುತ್ತೆ, ಆದ್ರೆ ಬೆಳಕು ಸಾಲಲ್ಲ. ಎನ್‌ಡಿ ಫಿಲ್ಟರ್ (ಲೆನ್ಸಿಗೆ ಬರೋ ಬೆಳಕು ಕಮ್ಮಿ ಮಾಡೋ ಗಾಜು) ತಗೊಂಡ್ರೆ ಸರಿ ಹೋಗುತ್ತಾ, ಇಲ್ಲಾ ಇನ್ನೂ ದೊಡ್ಡ ಫ್ಲ್ಯಾಶ್ ಎಡಿ600 ಬಾಡಿಗೆಗೆ ತರ್ಲಾ?

ಫ್ಲ್ಯಾಶ್‌ಮಾಮ:
ಎನ್‌ಡಿ ತಗೋಬೇಡಿ, ಈ ಕೆಲಸಕ್ಕೆ ಅದು ಉಪಯೋಗ ಇಲ್ಲ. ಎನ್‌ಡಿ ಆಕಾಶದ ಬೆಳಕನ್ನೂ ಕಮ್ಮಿ ಮಾಡುತ್ತೆ ಫ್ಲ್ಯಾಶ್ ಬೆಳಕನ್ನೂ ಅಷ್ಟೇ ಕಮ್ಮಿ ಮಾಡುತ್ತೆ, ಎರಡರ ನಡುವಿನ ಲೆಕ್ಕ ಇದ್ದಂಗೇ ಇರುತ್ತೆ. ಅಪರ್ಚರ್ ತೆರೆದು ಹಿನ್ನೆಲೆ ಬ್ಲರ್ ಮಾಡ್ಬೇಕು ಅಂದ್ರೆ ಎನ್‌ಡಿ ಬೇಕು. ನಿಮ್ಮ ತೊಂದ್ರೆ ಬೇರೆ.

ಒಂದೇ ಫ್ರೇಮಲ್ಲಿ ನೀವು ಎರಡು ಫೋಟೋ ತೆಗೀತಿದೀರ ಅಂತ ತಿಳ್ಕೊಳ್ಳಿ, ಒಂದು ಸಹಜ ಬೆಳಕಿಂದು, ಇನ್ನೊಂದು ಫ್ಲ್ಯಾಶಿಂದು. 1/200 ಅಂದ್ರೆ ಶಟರ್ 5 ಮಿಲಿಸೆಕೆಂಡ್ ತೆರೆದಿರುತ್ತೆ. ಕೈ ಸೆಕೆಂಡಿಗೆ 4 ಮೀಟರ್ ವೇಗದಲ್ಲಿ ಬೀಸಿದ್ರೂ ಅಷ್ಟರಲ್ಲಿ 2 ಸೆಂ.ಮೀ ಸರಿದಿರುತ್ತೆ, ಆ ಸರಿದಿದ್ದನ್ನ ಆಕಾಶದ ಬೆಳಕು ದಾಖಲು ಮಾಡುತ್ತೆ, ಅದೇ ನಿಮಗೆ ಕಾಣ್ತಿರೋ ಮಸುಕು. ಇನ್ನೊಂದು ವಿಷ್ಯ ತುಂಬಾ ಜನ ಗಮನಿಸಲ್ಲ, ಎಡಿ200 ಫುಲ್ ಪವರಲ್ಲಿ ಹೊಡೆದಾಗ ಅದರ ಫ್ಲ್ಯಾಶ್ ಡ್ಯುರೇಷನ್ (ಬೆಳಕು ಉರಿಯೋ ಹೊತ್ತು) 1/220 ಸೆಕೆಂಡ್, ಅಂದ್ರೆ ಹೆಚ್ಚುಕಮ್ಮಿ ನಿಮ್ಮ ಶಟರ್ ಸ್ಪೀಡೇ. ಹಂಗಾಗಿ ಫುಲ್ ಪವರಲ್ಲಿ ಫ್ಲ್ಯಾಶ್ ಕೂಡ ಚಲನೆನ ಪೂರ್ತಿ ಹಿಡಿದು ನಿಲ್ಸಲ್ಲ. ಪವರ್ ಇಳಿಸ್ತಾ ಹೋದಂಗೆ ಡ್ಯುರೇಷನ್ ಚಿಕ್ಕದಾಗುತ್ತೆ, ಕೊನೇ ಸ್ಟೆಪ್ಪಲ್ಲಿ 1/13000ರವರೆಗೂ ಹೋಗುತ್ತೆ. 1/4 ಇಲ್ಲಾ 1/8 ಪವರಲ್ಲಿ ಕೆಲ್ಸ ಮಾಡೋ ಪರಿಸ್ಥಿತಿ ಹುಡುಕಿ, ಗೆಜ್ಜೆಯ ಒಂದೊಂದು ಮಣಿನೂ ಬಿಡಿಬಿಡಿಯಾಗಿ ಬರುತ್ತೆ.

ಆ ಪರಿಸ್ಥಿತಿ ಯಾವುದು ಅಂದ್ರೆ ಸೂರ್ಯ ಮುಳುಗಿದ ಮೇಲಿನ ಹದಿನೈದಿಪ್ಪತ್ತು ನಿಮಿಷ. ಆಗ ಆಕಾಶದಲ್ಲಿ ಬಣ್ಣ ಇರುತ್ತೆ, ಅವಳ ಮೈಮೇಲೆ ಬೀಳೋ ಬೆಳಕು ಕಮ್ಮಿ ಆಗಿರುತ್ತೆ. ಮೊದ್ಲು ಫ್ಲ್ಯಾಶ್ ಆಫ್ ಮಾಡಿ 1/200ರಲ್ಲಿ ಒಂದು ಟೆಸ್ಟ್ ತೆಗೀರಿ, ಆಕಾಶ ಚೆನ್ನಾಗಿದ್ದು ಅವಳು ಹೆಚ್ಚುಕಮ್ಮಿ ಕಪ್ಪಾಗಿ ಕಾಣ್ಬೇಕು. ಸಹಜ ಬೆಳಕಿಗಿಂತ ಫ್ಲ್ಯಾಶ್ ಕನಿಷ್ಠ ಎರಡು ಮೂರು ಸ್ಟಾಪ್ (ಒಂದು ಸ್ಟಾಪ್ ಅಂದ್ರೆ ಬೆಳಕು ಎರಡು ಪಟ್ಟು) ಮೇಲಿದ್ರೆ ಮೈಮೇಲಿನ ಮಸುಕು ಕಾಣಲ್ಲ. ಆದ್ರೆ ಕೈ ಹಿಂದೆ ಆಕಾಶದ ತುಂಬಾ ಬೆಳಕಿರೋ ಭಾಗ ಬಂದ್ರೆ ಎಷ್ಟು ದೊಡ್ಡ ಫ್ಲ್ಯಾಶ್ ತಂದ್ರೂ ಅಂಚು ತಿನ್ನುತ್ತೆ, ಎಡಿ600 ತಂದ್ರೂ ಅಷ್ಟೇ. ಸ್ವಲ್ಪ ಪಕ್ಕಕ್ಕೆ ಸರಿದು ಜಿಗಿತದ ಹಿಂದೆ ಬಂಡೆನೋ ಕತ್ತಲಾದ ಮೋಡನೋ ಬರೋ ಹಂಗೆ ನೋಡ್ಕೊಳ್ಳಿ.

ಬಿಸಿಲಿರುವಾಗ್ಲೇ ಬೇಕು ಅಂದ್ರೆ ಎಚ್ಎಸ್ಎಸ್ಸೇ ದಾರಿ. ಅದ್ರಲ್ಲಿ ಸುಮಾರು ಎರಡು ಸ್ಟಾಪ್ ಪವರ್ ಕಳ್ಕೊಳ್ತೀರ, ಸಾಫ್ಟ್‌ಬಾಕ್ಸ್ ತೆಗೆದು ಬರೀ ಫ್ಲ್ಯಾಶ್ ಹತ್ರ ತನ್ನಿ.

ಕಡಲ್‌ಕರೆ_ಉಡುಪಿ:
ಕಾಪುವಿನಲ್ಲಿ ನಾನು ಸುಮಾರು ಶೂಟ್ ಮಾಡಿದ್ದುಂಟು, ಹೆಚ್ಚಾಗಿ ಯಕ್ಷಗಾನ ವೇಷದ್ದು. ಮೊದಲಿಗೆ ಛತ್ರಿ ಮನೆಯಲ್ಲಿಯೇ ಬಿಟ್ಟು ಬನ್ನಿ ಮಾರಾಯ್ರೆ. ಮಧ್ಯಾಹ್ನದಿಂದ ಸಂಜೆಯವರೆಗೆ ಕಡಲಗಾಳಿ ನಿಲ್ಲುವುದೇ ಇಲ್ಲ, ಛತ್ರಿ ಗಾಳಿಪಟದ ಹಾಗೆ ಸ್ಟ್ಯಾಂಡನ್ನೂ ಎತ್ತಿಕೊಂಡು ಹೋಗ್ತದೆ. ಸಾಫ್ಟ್‌ಬಾಕ್ಸ್ ಆದ್ರೂ ಸ್ಟ್ಯಾಂಡಿಗೆ ಸಿಕ್ಕಿಸಬೇಡಿ, ಉದ್ದದ ಕೋಲಿಗೆ ಕಟ್ಟಿ ಒಬ್ಬ ಜನ ಹಿಡಿಯಲಿ, ನರ್ತಕಿ ಸರಿದ ಹಾಗೆ ಅವರೂ ಸರಿಯಬಹುದು. ಸ್ಟ್ಯಾಂಡ್ ಬೇಕೇ ಬೇಕು ಅಂತಾದ್ರೆ ಮರಳು ತುಂಬಿಸಲಿಕ್ಕೆ ಖಾಲಿ ಚೀಲ ತನ್ನಿ, ಹೊಯ್ಗೆಗೆ ಅಲ್ಲಿ ಬರ ಇಲ್ಲ.

1901ರಲ್ಲಿ ಕಟ್ಟಿದ ಲೈಟ್‌ಹೌಸ್ ಅದು, ಸಂಜೆ ಹತ್ತಿ ನೋಡ್ಲಿಕ್ಕೆ ಜನ ಬರ್ತಾರೆ, ಶನಿವಾರ ಭಾನುವಾರ ಅಂತೂ ನಿಮ್ಮ ಫ್ರೇಮಿನಲ್ಲಿ ನೂರು ತಲೆ. ವಾರದ ನಡುವೆ ಬನ್ನಿ. ಇಲ್ಲದಿದ್ರೆ ಬೆಳಿಗ್ಗೆಯೇ ಒಳ್ಳೇದು. ಸೂರ್ಯ ಭೂಮಿಯ ಕಡೆಯಿಂದ, ತೆಂಗಿನ ತೋಟದ ಹಿಂದಿನಿಂದ ಬರುವುದು, ಅಷ್ಟು ಹೊತ್ತು ಕಡಲ ಬದಿಯ ಆಕಾಶ ತಣ್ಣಗೆ ನೀಲಿ ಇರ್ತದೆ, ಗಾಳಿಯೂ ಕಡಿಮೆ. ಕೆಂಪು, ಹಳದಿ ರೇಷ್ಮೆ ಆ ನೀಲಿಯ ಎದುರು ಭಾರೀ ಚಂದ ಕಾಣ್ತದೆ. ನನ್ನನ್ನು ಕೇಳಿದ್ರೆ ಸೂರ್ಯಾಸ್ತಕ್ಕಿಂತ ಅದೇ ಮೇಲು, ಸೂರ್ಯಾಸ್ತದ ಕಿತ್ತಳೆಯಲ್ಲಿ ಜರಿ ಬಣ್ಣವೇ ಕಳೆದುಹೋಗ್ತದೆ.

ಉಪ್ಪಿನ ಹನಿ ಲೆನ್ಸಿಗೂ ಫ್ಲ್ಯಾಶಿಗೂ ಕೂರ್ತದೆ, ಆಗಾಗ ಒದ್ದೆ ಬಟ್ಟೆಯಿಂದ ಫಿಲ್ಟರ್ ಒರೆಸಿ. ಬರುವ ಮೊದಲು ಉಬ್ಬರ ಇಳಿತದ ಹೊತ್ತು ನೋಡ್ಕೊಳ್ಳಿ, ಪಾಚಿ ಹಿಡಿದ ಬಂಡೆಯ ಮೇಲೆ ಯಾರನ್ನೂ ಹತ್ತಿಸಬೇಡಿ.

ಅರೆಮಂಡಿ:
ನಾನು ಡ್ಯಾನ್ಸರ್, ಫೋಟೋಗ್ರಾಫರ್ ಅಲ್ಲ, ಆದ್ರೂ ಹೇಳ್ಲೇಬೇಕು ಅನ್ನಿಸ್ತು. ಬಂಡೆ ಮೇಲೆ ಜಿಗಿಸ್ಬೇಡಿ ಪ್ಲೀಸ್. ರಂಗಪ್ರವೇಶಕ್ಕೆ ಮುಂಚೆ ಮಂಡಿಗೋ ಪಾದಕ್ಕೋ ಪೆಟ್ಟಾದ್ರೆ ವರ್ಷಗಟ್ಟಲೆ ಮಾಡಿದ ಅಭ್ಯಾಸ ಕೂತುಬಿಡುತ್ತೆ. ಜಿಗಿತ ಎಲ್ಲ ಗಟ್ಟಿಯಾಗಿರೋ ಒದ್ದೆ ಮರಳಿನ ಮೇಲೆ, ಬಂಡೆ ಮೇಲೆ ಬರೀ ನಿಂತ ಭಂಗಿ.

ಇನ್ನು ಟೈಮಿಂಗ್. ತುಂಬಾ ಫೋಟೋಗ್ರಾಫರ್‌ಗಳು "ಒನ್ ಟೂ ತ್ರೀ ಜಂಪ್" ಅಂತಾರೆ, ಆಗ ನಾವು ಜಿಗೀತೀವಿ ಆದ್ರೆ ಕುಣಿಯಲ್ಲ, ಮುಖದಲ್ಲಿ ಏನೂ ಇರಲ್ಲ. ಅದರ ಬದ್ಲು ಅವಳಿಗೆ ಬರೋ ಒಂದು ತೀರ್ಮಾನ (ಜತಿ ಮುಗಿಸೋ ಹೆಜ್ಜೆಗಳ ಸಾಲು) ಆರಿಸ್ಕೊಳ್ಳಿ, ನೀವು ಇಲ್ಲಾ ಪಕ್ಕದಲ್ಲಿರೋರು ಬಾಯಲ್ಲಿ ಸೊಲ್ಲುಕಟ್ಟು (ತಾಳದ ಅಕ್ಷರಗಳು) ಹೇಳ್ಲಿ. ತದಿಂಗಿಣತೊಂ ಮೂರು ಸಲ ಬರುತ್ತೆ, ಮೂರನೇ ತೊಂಗೆ ಅವಳು ಬಂದು ನಿಲ್ತಾಳೆ, ಕಣ್ಣೂ ಕೈಯೂ ಅಲ್ಲೇ ಕೂಡುತ್ತೆ, ಅದು ನಿಮ್ಮ ಕ್ಲಿಕ್. ಫುಲ್ ಪವರಲ್ಲಿ ಫ್ಲ್ಯಾಶ್ ಮತ್ತೆ ಚಾರ್ಜ್ ಆಗೋಕೆ ಎರಡು ಸೆಕೆಂಡ್ ಬೇಕು ಅಂತ ನನ್ನ ಶೂಟ್ ಮಾಡಿದವರು ಹೇಳಿದ್ರು, ಹಂಗಿದ್ರೆ ಟಪಟಪ ಅಂತ ಹೊಡೆಯೋಕೂ ಆಗಲ್ಲ, ತಾಳ ಗೊತ್ತಿದ್ರೆ ಒಂದೇ ಸಾಕು. ಜಿಗಿತದಲ್ಲೂ ತೀರಾ ಮೇಲೆ ಹೋದ ಕ್ಷಣ ಮೈ ಒಂದು ಚೂರು ನಿಂತಂಗೆ ಇರುತ್ತೆ, ಮಸುಕೂ ಅಲ್ಲೇ ಕಮ್ಮಿ.

ಕ್ಯಾಮೆರಾ ಅವಳ ಸೊಂಟದ ಎತ್ತರಕ್ಕೆ ಇಳಿಸಿ. ನಿಂತು ಮೇಲಿಂದ ತೆಗೆದ್ರೆ ಎಷ್ಟು ಚೆನ್ನಾಗಿ ಕೂತ ಅರೆಮಂಡಿನೂ (ಮಂಡಿ ಹೊರಕ್ಕೆ ಮಡಿಸಿ ಅರ್ಧ ಕೂರೋ ಭಂಗಿ) ಕೂತಿಲ್ಲ ಅನ್ನೋ ಥರ ಕಾಣುತ್ತೆ, ಗುರುಗಳ ಕಣ್ಣು ಮೊದಲು ಹೋಗೋದೇ ಅಲ್ಲಿಗೆ. ಬ್ಯಾನರ್‌ಗೆ ಕಳ್ಸೋ ಮುಂಚೆ ಫೋಟೋ ಗುರುಗಳಿಗೆ ತೋರಿಸಿ, ಹಸ್ತಮುದ್ರೆ ತಪ್ಪಿದ್ರೆ ಅವರು ಹೇಳ್ತಾರೆ.

ಬೆಂಗ್ಳೂರ್‌ಕ್ಲಿಕ್:
ಎಲ್ರಿಗೂ ತುಂಬಾ ಥ್ಯಾಂಕ್ಸ್. ಹಂಗಾದ್ರೆ ಬೆಳಿಗ್ಗೆ ಶೂಟ್ ಮಾಡೋದೇ ಸರಿ ಅನ್ಸುತ್ತೆ, ಎಡಿ600 ಕೈಬಿಟ್ಟೆ. ಎರಡೇ ಪ್ರಶ್ನೆ ಉಳೀತು. ಟೆಂಪಲ್ ಜ್ಯುವೆಲರಿ ಮತ್ತೆ ಜರಿ ತುಂಬಾ ಹೊಳೆದು ಬೆಳ್ಳಗಾಗುತ್ತೆ, ಅದಕ್ಕೇನ್ ಮಾಡೋದು? ಮತ್ತೆ ಅವಳು ಒಂದು ಹೆಜ್ಜೆ ಮುಂದೆ ಬಂದ್ರೂ ಎಕ್ಸ್‌ಪೋಷರ್ ಏರುಪೇರಾಗ್ತಿದೆ.

ಫ್ಲ್ಯಾಶ್‌ಮಾಮ:
ಎರಡನೇದು ಮೊದ್ಲು. ಲೈಟ್ ದೂರ ಇಡಿ. ಒಂದೂವರೆ ಮೀಟರಲ್ಲಿ ಲೈಟ್ ಇದ್ದು ಅವಳು ಅರ್ಧ ಮೀಟರ್ ಅದರ ಕಡೆ ಬಂದ್ರೆ ಬೆಳಕು ಎರಡೂಕಾಲು ಪಟ್ಟು ಆಗುತ್ತೆ, ಅಂದ್ರೆ ಒಂದು ಸ್ಟಾಪ್‌ಗಿಂತ ಜಾಸ್ತಿ. ಅದೇ ನಾಲ್ಕು ಮೀಟರಲ್ಲಿದ್ರೆ ಆ ಅರ್ಧ ಮೀಟರ್‌ಗೆ ಬರೀ ಮೂರನೇ ಒಂದು ಸ್ಟಾಪ್ ಹೆಚ್ಚಾಗುತ್ತೆ, ಕಣ್ಣಿಗೆ ಗೊತ್ತಾಗಲ್ಲ. ದೂರ ಹೋದಂಗೆ ಬೆಳಕು ಗಡುಸಾಗುತ್ತೆ ನಿಜ, ಆದ್ರೆ ನೃತ್ಯಕ್ಕೆ ಸ್ವಲ್ಪ ಗಡುಸು ಬೆಳಕೇ ಒಳ್ಳೇದು ಅಂತ ನನ್ನ ಅಭಿಪ್ರಾಯ, ಮೈಕಟ್ಟು ಎದ್ದು ಕಾಣುತ್ತೆ. ನಿಂತ ಭಂಗಿಗೆ ಮಾತ್ರ ಸಾಫ್ಟ್‌ಬಾಕ್ಸ್ ಹತ್ರ ತನ್ನಿ.

ಜರಿಗೆ ಏನಂದ್ರೆ ಲೈಟ್ ಕ್ಯಾಮೆರಾ ಪಕ್ಕ ಇಡ್ಬೇಡಿ. ನಲವತ್ತೈದು ಡಿಗ್ರಿಗಿಂತ ಜಾಸ್ತಿ ಪಕ್ಕಕ್ಕೆ, ಸ್ವಲ್ಪ ಮೇಲೆ ಇಡಿ, ಅರೆಮಂಡಿಲಿ ಮುಂದಿನ ಮಡಿಕೆ ಬಿಚ್ಚಿದಾಗ ಒಂದೊಂದು ಮಡಿಕೆನೂ ನೆರಳು ಸಮೇತ ಕಾಣುತ್ತೆ. ಟಿಟಿಎಲ್ (ಫ್ಲ್ಯಾಶ್ ಪವರನ್ನ ಕ್ಯಾಮೆರಾನೇ ಲೆಕ್ಕ ಹಾಕೋ ಮೋಡ್) ಬೇಡ, ಜರಿ ಹೊಳೆದಾಗೆಲ್ಲ ಅದು ಪವರ್ ಇಳಿಸುತ್ತೆ. ಮ್ಯಾನುವಲ್ಲಲ್ಲಿ ಇಟ್ಟು, ಕ್ಯಾಮೆರಾದಲ್ಲಿ ಹೈಲೈಟ್ ವಾರ್ನಿಂಗ್ (ತೀರಾ ಬೆಳ್ಳಗಾದ ಜಾಗ ಸ್ಕ್ರೀನಲ್ಲಿ ಮಿನುಗಿಸಿ ತೋರ್ಸೋದು) ಆನ್ ಮಾಡಿ, ಆಭರಣದಲ್ಲಿ ಚುಕ್ಕಿ ಚುಕ್ಕಿ ಮಿನುಗಿದ್ರೆ ಪರ್ವಾಗಿಲ್ಲ, ಹಣೆ ಮೂಗು ಮಿನುಗಬಾರ್ದು. ಅರ್ಧ ಸಿಟಿಒ ಜೆಲ್ (ಫ್ಲ್ಯಾಶ್ ಮುಂದೆ ಹಾಕೋ ಕಿತ್ತಳೆ ಬಣ್ಣದ ಹಾಳೆ) ಹಾಕ್ನೋಡಿ, ಬೆಳಿಗ್ಗೆಯ ನೀಲಿ ಮುಂದೆ ಚರ್ಮಕ್ಕೆ ಬೆಚ್ಚನೆ ಬಣ್ಣ ಬರುತ್ತೆ.

ಕಡಲ್‌ಕರೆ_ಉಡುಪಿ:
ಒಂದು ಸೇರಿಸ್ತೇನೆ, ಮುಂದೆ ಯಾವಾಗಾದ್ರೂ ಯಕ್ಷಗಾನ ವೇಷ ತೆಗೆಯುವುದಾದ್ರೆ ಈ "ಸ್ವಲ್ಪ ಮೇಲೆ" ನಡೆಯುವುದಿಲ್ಲ. ಕಿರೀಟದ ನೆರಳು ಕಣ್ಣಿಗೇ ಬೀಳ್ತದೆ. ಲೈಟ್ ಮುಖದ ಮಟ್ಟಕ್ಕೆ ಇಳಿಸ್ಬೇಕು.

ಹೊಸಪೇಟಿ_ಹುಡುಗ:
ಹಂಪಿ ಬಗ್ಗೆ ಯಾರೂ ಹೇಳ್ಲಿಲ್ಲಲ್ರಿ. ಎಎಸ್ಐ (ಕೇಂದ್ರದ ಪುರಾತತ್ವ ಇಲಾಖೆ) ಕೈಯಾಗಿರೋ ಸ್ಮಾರಕದಾಗ ಟ್ರೈಪಾಡು, ಲೈಟ್ ಸ್ಟ್ಯಾಂಡು ಇಡಾಕ ಮೊದ್ಲ ಪರ್ಮಿಷನ್ ತಗೋಬೇಕ್ರಿ, ವಿಠ್ಠಲ ಗುಡಿ ಮುಂದ ಸುಮ್ನ ಸಾಫ್ಟ್‌ಬಾಕ್ಸ್ ಬಿಚ್ಚಿದ್ರ ಗಾರ್ಡ್ ನಿಲ್ಲಿಸ್ತಾರ. ಅವ್ರ ಕೆಲಸ ಅವ್ರು ಮಾಡ್ತಾರ, ಜಗಳ ಬ್ಯಾಡ. ಅರ್ಜಿ ಮೊದ್ಲ ಹಾಕ್ರಿ. ಇನ್ನೊಂದು, ನಮ್ಮ ಕಡೆ ಬಂಡಿಗಲ್ಲು ಸಂಜಿ ಆದ್ರೂ ಕಾದಿರ್ತಾವು, ಬರಿಗಾಲಾಗ ಹುಡುಗಿ ನಿಲ್ಲೂದು ಕಷ್ಟ ಆಗ್ತೈತಿ. ಹಂಪಿಗೂ ಬೆಳಿಗ್ಗೇನ ಬರ್ರಿ.

ಅರೆಮಂಡಿ:
ಕಾಲಿನ ಮಾತು ಬಂದಿದ್ದು ಒಳ್ಳೇದಾಯ್ತು. ಲೈಟ್ ಸೆಟ್ ಮಾಡೋವರೆಗೂ ಅವಳು ಚಪ್ಪಲಿ ಹಾಕ್ಕೊಂಡು ಕೂತಿರ್ಲಿ, ಟೆಸ್ಟ್ ಫ್ರೇಮಿಗೆ ಬೇರೆ ಯಾರನ್ನಾದ್ರೂ ನಿಲ್ಸಿ. ಗೆಜ್ಜೆ ಕೊನೇಲಿ ಕಟ್ಲಿ, ಉಪ್ಪುನೀರು ತಾಗಿದ್ರೆ ಚರ್ಮದ ಪಟ್ಟಿ ಬಿರುಸಾಗುತ್ತೆ, ಮಣಿ ಕಪ್ಪಾಗುತ್ತೆ. ಸಾಧ್ಯ ಆದ್ರೆ ಹಳೇ ಗೆಜ್ಜೆ ತನ್ನಿ, ರಂಗಪ್ರವೇಶದ್ದು ಬೇಡ. ಆಲ್ತಾ (ಕೈಕಾಲಿಗೆ ಹಚ್ಚೋ ಕೆಂಪು ಬಣ್ಣ) ನೀರಲ್ಲಿ ಹೋಗುತ್ತೆ, ಬಾಟ್ಲಿ ಜೊತೇಲಿರ್ಲಿ. ಸೀರೆ ಡ್ರೆಸ್ ಉಟ್ಟು ತಲೆ ಕಟ್ಟಿ ಮೇಕಪ್ ಮುಗಿಯೋಕೆ ಎರಡು ಗಂಟೆ ಮೇಲೇ ಹಿಡಿಯುತ್ತೆ, ಬೆಳಕು ಹರಿಯೋ ಹೊತ್ತಿಗೆ ಬೀಚಲ್ಲಿರ್ಬೇಕು ಅಂದ್ರೆ ನಾಲ್ಕಕ್ಕಾದ್ರೂ ಎಬ್ಬಿಸ್ಬೇಕು, ಹಿಂದಿನ ದಿನ ರಾತ್ರಿನೇ ಹತ್ರ ಎಲ್ಲಾದ್ರೂ ರೂಮ್ ಮಾಡಿ.