ಗೊದ್ದದ ರಾಣಿಗೆ ಯಾವ ರೆಡಿಮೇಡ್ ಗೂಡು ಕೊಳ್ಳಲಿ?

ತುಮಕೂರು_ಹೊಸಬ: ಮಳೆ ಬಿದ್ದ ರಾತ್ರಿ ಬೀದಿ ದೀಪದ ಕೆಳಗೆ ಗೊದ್ದದ ರಾಣಿ ಸಿಕ್ಕಿತು. ರೆಕ್ಕೆ ಆಗಲೇ ಉದುರಿತ್ತು. ಟೆಸ್ಟ್ ಟ್ಯೂಬಿನಲ್ಲಿ ನೀರು, ಹತ್ತಿ ಹಾಕಿ ಇಟ್ಟಿದ್ದೇನೆ. ಈಗ ಎಂಟು ಕೆಲಸಗಾರ ಇರುವೆಗಳಿವೆ. ಆನ್‌ಲೈನಿನಲ್ಲಿ ಮೂರು ಥರದ ಗೂಡು ನೋಡಿದೆ: ನೀಲಿ ಜೆಲ್ ತುಂಬಿದ್ದು, ಹನ್ನೆರಡು ಕೋಣೆಯ ಅಕ್ರಿಲಿಕ್, ಮತ್ತೆ ಒಂದು ಸಣ್ಣ ಪ್ಲಾಸ್ಟರ್ ಗೂಡು. ಅಕ್ರಿಲಿಕ್ ನೋಡಲು ಚೆಂದ. ತೆಗೆದುಕೊಳ್ಳಲಾ?

ಕಟ್ಟಿರುವೆ: ಈಗ ಯಾವುದೂ ಬೇಡ. ಎಂಟು ಇರುವೆಗೆ ಟ್ಯೂಬೇ ಅರಮನೆ. ಖಾಲಿ ಕೋಣೆ ಜಾಸ್ತಿ ಇದ್ದರೆ ತಿಂದು ಬಿಟ್ಟ ಹುಳುವಿನ ಚೂರು, ಸತ್ತ ಇರುವೆ ಎಲ್ಲ ಅಲ್ಲೇ ತಂದು ಗುಡ್ಡೆ ಹಾಕುತ್ತವೆ. ಬೂಷ್ಟು ಹಿಡಿಯುತ್ತದೆ, ತೆಗೆಯಲು ಕೈ ಹೋಗುವುದಿಲ್ಲ. ಮೂವತ್ತು ನಲವತ್ತು ಆಗಲಿ, ಆಮೇಲೆ ನೋಡಿ.

ಅಪ್ಪ_ಮಗಳು: ಮಗಳಿಗೆ ಜೆಲ್ ಗೂಡು ಕೊಡಿಸಬೇಕು ಅಂತಿದ್ದೆ. ಊಟ, ನೀರು ಎರಡೂ ಜೆಲ್‌ನಲ್ಲೇ ಇದೆ ಅಂತ ಡಬ್ಬದ ಮೇಲೆ ಬರೆದಿದ್ದಾರಲ್ಲ?

ಕಟ್ಟಿರುವೆ: ದಯವಿಟ್ಟು ಬೇಡ ಸರ್. 2003ರಲ್ಲಿ ಕೊಲಂಬಿಯಾ ನೌಕೆಯಲ್ಲಿ ಇರುವೆಗಳನ್ನು ಜೆಲ್‌ನಲ್ಲಿ ಇಟ್ಟು ಬಾಹ್ಯಾಕಾಶಕ್ಕೆ ಕಳಿಸಿದ್ದರು. ಅದು ಕೆಲವು ದಿನದ ಪ್ರಯೋಗ, ಸಂಸಾರ ಬೆಳೆಸುವ ಜಾಗ ಅಲ್ಲ. ಮರಿಹುಳು ಬೆಳೆಯಲು ಪ್ರೋಟೀನ್ ಬೇಕು, ಅಂದರೆ ಹುಳು ಹುಪ್ಪಟೆ. ಸಿಹಿ ಜೆಲ್ ಅದನ್ನು ಕೊಡುವುದಿಲ್ಲ. ರಾಣಿ ಇಲ್ಲದೆ ಬರೀ ಕೆಲಸಗಾರ ಇರುವೆಗಳನ್ನು ಅದರಲ್ಲಿ ಬಿಟ್ಟರೆ ಅವು ಒಂದೊಂದಾಗಿ ಸಾಯುವುದನ್ನೇ ಮಗು ನೋಡಬೇಕಾಗುತ್ತದೆ.

ಅಪ್ಪ_ಮಗಳು: ಸರಿ, ಬಿಟ್ಟೆ.

ಬೆಂಗಳೂರು_ದಕ್ಷಿಣ: ಜೆಲ್ ವಿಷಯ ಒಪ್ಪುತ್ತೇನೆ. ಆದರೆ ಅಕ್ರಿಲಿಕ್ ಅಂದ ತಕ್ಷಣ ಎಲ್ಲರೂ ಮೂಗು ಮುರಿಯುವುದು ಯಾಕೆ? ಒಳಗೆ ಏನು ನಡೆಯುತ್ತಿದೆ ಅಂತ ಸ್ಪಷ್ಟವಾಗಿ ಕಾಣುತ್ತದೆ. ತೊಳೆಯುವುದು ಸುಲಭ. ಗೊದ್ದಕ್ಕೆ ತೀರಾ ತೇವವೂ ಬೇಕಿಲ್ಲ, ಒಣ ನೆಲದಲ್ಲಿ ಮರದ ಬುಡದಲ್ಲಿ ಬದುಕುವ ಇರುವೆ ಅದು.

ಮಣ್ಣಿನ_ಮನೆ: ಒಣ ನೆಲ ಮೇಲ್ಗಡೆ ಮಾತ್ರ ಅಲ್ವಾ? ಅಗೆದು ನೋಡಿ, ಕೆಳಗೆ ಹೋದಷ್ಟೂ ತಂಪು, ತೇವ. ಇರುವೆಗಳು ಮೊಟ್ಟೆ, ಮರಿಹುಳುಗಳನ್ನು ತೇವ ಇರುವ ಕಡೆ ಇಡುತ್ತವೆ, ಕೋಶಗಳನ್ನು (ಮರಿಹುಳು ಇರುವೆಯಾಗುವ ಮುಂಚಿನ ಹಂತ) ಸ್ವಲ್ಪ ಒಣಗಿದ ಕಡೆ ಒಯ್ಯುತ್ತವೆ. ಬಿಸಿಲು ಏರಿದ ಹಾಗೆ ಜಾಗ ಬದಲಿಸುತ್ತವೆ. ಗೂಡಿನಲ್ಲಿ ಆ ಆಯ್ಕೆ ಇರಬೇಕು. ಬರೀ ಅಕ್ರಿಲಿಕ್ ನೀರು ಹೀರುವುದಿಲ್ಲ. ಒಳಗೆ ಎಲ್ಲ ಕಡೆ ಒಂದೇ ಥರ ಒಣಗಿರುತ್ತದೆ, ಇಲ್ಲವೇ ಗೋಡೆ ಬೆವೆತು ಹನಿ ನಿಲ್ಲುತ್ತದೆ. ಸಣ್ಣ ಇರುವೆಗೆ ಆ ಒಂದು ಹನಿಯೇ ಕೆರೆ.

ಬೆಂಗಳೂರು_ದಕ್ಷಿಣ: ಒಂದು ಕೋಣೆಯಲ್ಲಿ ಸ್ಪಾಂಜ್ ಇರುವ ಅಕ್ರಿಲಿಕ್ ಗೂಡುಗಳೂ ಬರುತ್ತವೆ. ಹೊರಗಿನಿಂದ ಸಿರಿಂಜಿನಲ್ಲಿ ನೀರು ಹಾಕಬಹುದು.

ಮಣ್ಣಿನ_ಮನೆ: ಅಂಥದ್ದಾದರೆ ನನ್ನ ತಕರಾರಿಲ್ಲ. ಇವರು ಹೇಳಿದ ಹನ್ನೆರಡು ಕೋಣೆಯದ್ದರಲ್ಲಿ ಅದು ಇದೆಯಾ ಅಂತ ಮೊದಲು ಕೇಳಲಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ತುಮಕೂರಿನ ಗಾಳಿ ಎಷ್ಟು ಒಣಗಿರುತ್ತದೆ ಅಂತ ಅವರಿಗೇ ಗೊತ್ತು. ಮಂಗಳೂರಿನಲ್ಲಿ ಇದ್ದಿದ್ದರೆ ನಾನು ಇಷ್ಟು ಹೇಳುತ್ತಿರಲಿಲ್ಲ.

ಸೈಟ್_ಇಂಜಿನಿಯರ್: ಕೊಳ್ಳುವುದೇ ಆದರೆ ಎಎಸಿ ಬ್ಲಾಕಿನಲ್ಲಿ ಕೊರೆದ ಗೂಡನ್ನೂ ನೋಡಿ. ಮನೆ ಕಟ್ಟುವ ಅದೇ ಹಗುರ ಬಿಳಿ ಇಟ್ಟಿಗೆ. ಯೂರೋಪಿನಲ್ಲಿ ಇರುವೆ ಸಾಕುವವರು ಇದನ್ನು ತುಂಬಾ ಬಳಸುತ್ತಾರೆ. ಒಂದು ತುದಿಗೆ ನೀರು ಹಾಕಿದರೆ ನಿಧಾನಕ್ಕೆ ಹರಡುತ್ತದೆ, ಇನ್ನೊಂದು ತುದಿ ಒಣಗಿಯೇ ಇರುತ್ತದೆ. ಪ್ಲಾಸ್ಟರಿನ ಹಾಗೆ ಬೇಗ ಮೆತ್ತಗಾಗುವುದಿಲ್ಲ. ಪದೇ ಪದೇ ನೆನೆದ ಪ್ಲಾಸ್ಟರನ್ನು ಕೆಲವು ಇರುವೆಗಳು ಕೆರೆದು ಸುರಂಗ ಮಾಡಿಬಿಡುತ್ತವೆ.

ಶಿರಸಿ_ಕಡೆಯವಳು: ನಮ್ಮ ತೋಟದಲ್ಲಿ ಚಗಳಿ ಇರುವೆ ತುಂಬಾ ಇವೆ. ಅವಕ್ಕೂ ಇಂಥ ಗೂಡು ಆಗುತ್ತಾ?

ಕಟ್ಟಿರುವೆ: ಆಗುವುದಿಲ್ಲ ತಂಗಿ. ಅವು ಮಣ್ಣಿನ ಜಾತಿಯಲ್ಲ. ಹಸಿ ಎಲೆಗಳನ್ನು ಎಳೆದು ಸೇರಿಸಿ, ತಮ್ಮ ಮರಿಹುಳುವನ್ನು ಬಾಯಲ್ಲಿ ಹಿಡಿದು, ಅದು ಬಿಡುವ ರೇಷ್ಮೆಯಿಂದ ಹೊಲಿಯುತ್ತವೆ. ಒಂದೇ ಸಂಸಾರ ಎಷ್ಟೋ ಮರಗಳಿಗೆ ಹಬ್ಬಿರುತ್ತದೆ. ಅವನ್ನು ತೋಟದಲ್ಲೇ ನೋಡಿ ಖುಷಿಪಡಿ.

ತುಮಕೂರು_ಹೊಸಬ: ಹಾಗಾದರೆ ದೊಡ್ಡ ಅಕ್ರಿಲಿಕ್ ಬೇಡ. ಇರುವೆ ಹೆಚ್ಚಾದ ಮೇಲೆ ಎಎಸಿಯದ್ದೋ ಪ್ಲಾಸ್ಟರಿನದ್ದೋ ಸಣ್ಣದು ತೆಗೆದುಕೊಳ್ಳುತ್ತೇನೆ. ಕೊಳ್ಳುವಾಗ ಇನ್ನೇನು ನೋಡಬೇಕು?

ಬೆಂಗಳೂರು_ದಕ್ಷಿಣ: ಗಾಜು ಕೂರುವ ಅಂಚು, ಗಾಳಿ ತೂತಿನ ಜಾಲರಿ. ನಿಮ್ಮ ಮೊದಲ ಕೆಲಸಗಾರ ಇರುವೆಗಳು ತುಂಬಾ ಪುಟ್ಟವು. ತಲೆ ತೂರಿದರೆ ಮೈಯೂ ತೂರುತ್ತದೆ. ಮೇವಿನ ಡಬ್ಬಿ (ಇರುವೆಗಳು ಗೂಡಿನಿಂದ ಹೊರಬಂದು ತಿನ್ನುವ ಜಾಗ) ಜೊತೆಗೇ ಬರುವುದಾದರೆ ಒಳ್ಳೆಯದು. ಅದರ ಒಳ ಅಂಚಿಗೆ ಟಾಲ್ಕಂ ಪೌಡರನ್ನು ಸ್ಪಿರಿಟ್‌ನಲ್ಲಿ ಕಲಸಿ ಬಳಿದು ಒಣಗಿಸಿ, ಕಾಲು ಜಾರುತ್ತದೆ.

ಮಣ್ಣಿನ_ಮನೆ: ಗೂಡು ಬಂದ ಮೇಲೆ ಇರುವೆಗಳನ್ನು ಕುಟ್ಟಿ ಬೀಳಿಸಬೇಡಿ. ಟ್ಯೂಬನ್ನೇ ಗೂಡಿನ ಬಾಯಿಗೆ ಜೋಡಿಸಿ. ಗೂಡಿನ ಮೇಲೆ ಕೆಂಪು ಹಾಳೆ ಮುಚ್ಚಿ, ಟ್ಯೂಬಿಗೆ ಬೆಳಕು ಬೀಳಲಿ. ಅವಕ್ಕೆ ಕೆಂಪು ಸರಿಯಾಗಿ ಕಾಣುವುದಿಲ್ಲ, ಒಳಗೆ ಕತ್ತಲೆ ಅಂದುಕೊಳ್ಳುತ್ತವೆ. ಒಂದೇ ದಿನಕ್ಕೆ ಹೋಗಬಹುದು, ವಾರಗಟ್ಟಲೆ ಹಿಡಿಯಲೂಬಹುದು. ಟ್ಯೂಬಿನಲ್ಲಿ ನೀರು ಇರುವವರೆಗೆ ಅವಸರ ಮಾಡಬೇಡಿ.